ಬ್ಯಾಡಗಿ ಮೆಣಸಿನಕಾಯಿಗೆ ಮುಂಗಡ ರೊಕ್ಕ: ಬಡ್ಡಿ ಇಲ್ಲದ ಸಲಮ್ ಕರಾರು ಹೆಂಗ ಬರೀಬೇಕು?

ಖಾರದಗಿರಣಿ_ಹುಬ್ಬಳ್ಳಿ:
ಎಲ್ಲಾರಿಗೂ ಸಲಾಂ, ನಮಸ್ಕಾರ. ನಮ್ಮದು ಖಾರದ ಪುಡಿ ಗಿರಣಿ. ಜೂನ್-ಜುಲೈದಾಗ ಕುಂದಗೋಳ, ಶಿಗ್ಗಾವಿ ಕಡೆ ರೈತರಿಗೆ ಬೀಜ-ಗೊಬ್ಬರಕ್ಕ ರೊಕ್ಕ ಬೇಕು, ನಮಗ ಜನವರಿ ಮ್ಯಾಲೆ ಕಡ್ಡಿ ಕಾಯಿ (ತೆಳ್ಳನ, ಉದ್ದನ ಬ್ಯಾಡಗಿ ಮೆಣಸಿನಕಾಯಿ) ಬೇಕು. ಕೆಲವು ದಲಾಲಿ ಅಂಗಡಿಯವರು ಈಗ ರೊಕ್ಕ ಕೊಟ್ಟು, ಮಾಲು ಬಂದ ದಿನದ ರೇಟಿನಾಗ ಕ್ವಿಂಟಲ್‌ಗೆ 500 ರೂಪಾಯಿ ಕಡಿಮಿ ಹಿಡಿದು ಮುರಕೋತಾರ. ಇದು ಬಡ್ಡಿ ಅಲ್ಲ, ಸಲಮ್ (ಮೊದಲ ಪೂರ್ತಿ ರೊಕ್ಕ, ಆಮ್ಯಾಲೆ ಮಾಲು ಅನ್ನೋ ಇಸ್ಲಾಮಿನ ಮಾರಾಟ) ವ್ಯಾಪಾರ ಅಂತ ಹೇಳ್ತಾರ. ಖರೇನೇನ್ರಿ? ರೈತರ ಹಳೇ ಬಾಕಿನೂ ಇದರಾಗ ಸೇರಿಸಬಹುದಾ?

ಫಿಕ್ಹ್_ವಿದ್ಯಾರ್ಥಿ:
ಖರೇ ಅಲ್ಲ ರೀ. ಸಲಮ್ ಅಂದರೆ ಮಾರಾಟ, ಮಾರಾಟಕ್ಕೆ ಬೆಲೆ ಕರಾರಿನ ಹೊತ್ತಿಗೇ ಗೊತ್ತಾಗಬೇಕು. ‘ಬಂದ ದಿನದ ರೇಟಿಗೆ 500 ಕಡಿಮೆ’ ಅಂದರೆ ಬೆಲೆಯೂ ಗೊತ್ತಿಲ್ಲ, ಎಷ್ಟು ಕ್ವಿಂಟಲ್ ಅನ್ನೋದೂ ಗೊತ್ತಿಲ್ಲ. ರೇಟು ಏರಲಿ, ಇಳಿಯಲಿ, ಅಂಗಡಿಯವರಿಗೆ ಆ 500 ಖಾತ್ರಿ. ಸಾಲದ ಮೇಲೆ ಖಾತ್ರಿಯಾಗಿ ಬರುವ ಲಾಭ ರಿಬಾನೇ, ಅಂದರೆ ಬಡ್ಡಿನೇ, ಹೆಸರು ಏನೇ ಇಡಲಿ.

ಮದೀನಾದವರು ಖರ್ಜೂರಕ್ಕೆ ಎರಡು-ಮೂರು ವರ್ಷ ಮೊದಲೇ ಹಣ ಕೊಡುತ್ತಿದ್ದರು. ಪ್ರವಾದಿಯವರು ಅದನ್ನು ತಡೆಯಲಿಲ್ಲ. ಅಳತೆ, ತೂಕ, ಅವಧಿ ಗೊತ್ತಿರಲಿ ಅಂದರು. ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸರಿಂದ ಬಂದ ಈ ಹದೀಸೇ (ಪ್ರವಾದಿಯವರ ಮಾತಿನ ವರದಿ) ಇಡೀ ಕರಾರಿನ ಬುನಾದಿ. ನಿಮ್ಮ ಲೆಕ್ಕದಲ್ಲಿ ಹೇಳೋದಾದರೆ: ಇವತ್ತು 1,00,000 ರೂಪಾಯಿ, ಅದಕ್ಕೆ 5 ಕ್ವಿಂಟಲ್ ಕಡ್ಡಿ. ಮುಂದೆ ರೇಟು 15,000 ಆದರೂ 30,000 ಆದರೂ 5 ಕ್ವಿಂಟಲೇ. ಇವತ್ತಿನ ಪ್ಯಾಟಿ ರೇಟಿಗಿಂತ ಕಡಿಮೆಗೆ ಮಾತಾಡಿಕೊಳ್ಳಲು ಅಡ್ಡಿಯಿಲ್ಲ, ಆದರೆ ರೇಟು ಬಿದ್ದರೆ ಆ ನಷ್ಟ ನಿಮ್ಮದು.

ರೊಕ್ಕ ಪೂರ್ತಿ ಅಂದೇ ಕೊಡಬೇಕು. ಇಸ್ಲಾಮಿ ಹಣಕಾಸಿಗೆ ನಿಯಮ ರೂಪಿಸುವ ಸಂಸ್ಥೆ ಆಯೋಫಿಯ (AAOIFI) 10ನೇ ಶರೀಅತ್ ಮಾನದಂಡದ ಪ್ರಕಾರ ಎರಡು-ಮೂರು ದಿನ ತಡವಾದರೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ‘ಅರ್ಧ ಈಗ, ಅರ್ಧ ಕಳೆ ತೆಗೆಯುವಾಗ’ ಅಂದರೆ ಆ ಎರಡನೇ ಅರ್ಧಕ್ಕೆ ಕರಾರೇ ಇಲ್ಲ. ಆಗ ಬೇರೆ ಬೆಲೆ ಮಾತಾಡಿ ಹೊಸದೇ ಬರೆಯಿರಿ. ಹಳೇ ಬಾಕಿ ಸೇರಿಸೋದಂತೂ ಬೇಡವೇ ಬೇಡ. ಕೈಗೆ ರೊಕ್ಕ ಬರದೆ ಒಂದು ಸಾಲ ಇನ್ನೊಂದು ಸಾಲವಾಗುತ್ತದೆ. ಬಾಕಿಯ ಲೆಕ್ಕ ಬೇರೆ ಇರಲಿ, ಅದಕ್ಕೆ ಗಡುವು ಕೊಡಿ.

ನಮ್ಮ ಕಡೆ ಎಲ್ಲರೂ ತಪ್ಪೋ ಜಾಗ ಇನ್ನೊಂದು: ಬಾಂಡ್ ಪೇಪರಿನಲ್ಲಿ ಹೊಲದ ಸರ್ವೆ ನಂಬರ್ ಹಾಕಿಬಿಡುತ್ತಾರೆ. ಅದು ಕೂಡದು. ಇಂಥದ್ದೇ ಹೊಲದ ಬೆಳೆ ಅಂದರೆ, ಆ ಹೊಲ ಕೊಳೆತರೆ ಕೊಡಲು ಮಾಲೇ ಇರಲ್ಲ. ಮಾಲಿನ ಗುಣ ಬರೆಯಿರಿ, ಹೊಲ ಬೇಡ. ರೈತ ಬ್ಯಾಡಗಿಯಲ್ಲಿ ಕೊಂಡಾದರೂ ಕೊಡಬಹುದು. ಕರಾರಿನ ದಿನದಿಂದ ಕೊಡುವ ದಿನದವರೆಗೂ ಮಾಲು ಪ್ಯಾಟಿಯಲ್ಲಿ ಸಿಗುತ್ತಿರಬೇಕು ಅನ್ನೋದು ಹನಫಿ ಪಂಥದ (ಇಸ್ಲಾಮಿ ಕಾನೂನಿನ ಪಂಥಗಳಲ್ಲೊಂದು) ಷರತ್ತು. ಬ್ಯಾಡಗಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಒಣಕಾಯಿ ವರ್ಷವಿಡೀ ಇರುವುದರಿಂದ ಅದಕ್ಕೂ ತೊಂದರೆಯಿಲ್ಲ.

ಧಾರವಾಡ_ವಕೀಲ:
ಕಾನೂನಿನ ಕಡೆಯಿಂದ ಎರಡು ಮಾತು. 1930ರ ಸರಕು ಮಾರಾಟ ಕಾಯ್ದೆಯ 6ನೇ ಕಲಂ ಮುಂದೆ ಬೆಳೆಯುವ ಅಥವಾ ಗಳಿಸುವ ಸರಕಿನ ಒಪ್ಪಂದಕ್ಕೆ ಅವಕಾಶ ಕೊಡುತ್ತದೆ. ಆದ್ದರಿಂದ ಈ ಕರಾರಿಗೆ ಬ್ಯಾಂಕಾಗಲಿ ವಿಶೇಷ ಕಾನೂನಾಗಲಿ ಬೇಕಿಲ್ಲ. ಎಚ್ಚರ ಬೇಕಾದದ್ದು 61ನೇ ಕಲಮಿನಲ್ಲಿ. ಮಾರುವವನು ತಪ್ಪಿ, ನೀವು ಕೊಟ್ಟ ಹಣ ವಾಪಸ್ ಕೇಳಿ ದಾವೆ ಹೂಡಿದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ ನ್ಯಾಯಾಲಯ ಹಣ ಕೊಟ್ಟ ದಿನದಿಂದ ಬಡ್ಡಿ ಕೊಡಿಸಬಹುದು. ಹಾಗೆಯೇ 57ನೇ ಕಲಂ ಪ್ರಕಾರ ಮಾಲು ಕೊಡದಿದ್ದಕ್ಕೆ ನಷ್ಟ ಪರಿಹಾರ ಕೇಳಬಹುದು. ನಿಮಗೆ ಇವೆರಡೂ ಬೇಡ ಎಂದಾದರೆ, ‘ಮಾಲು, ಅದು ಸಿಗದಿದ್ದರೆ ಮಾತ್ರ ಕೊಟ್ಟ ಮೂಲ ಹಣ, ಬಡ್ಡಿ ಹಾಗೂ ದರದ ವ್ಯತ್ಯಾಸ ಕೇಳತಕ್ಕದ್ದಲ್ಲ’ ಎಂದು ಸ್ಪಷ್ಟವಾಗಿ ಬರೆಸಿ. ಹಣ ಬ್ಯಾಂಕ್ ಖಾತೆಗೇ ಹೋಗಲಿ. ಪೂರ್ತಿ ಹಣ ಯಾವ ದಿನ ಸಂದಿತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ರಸೀದಿಯಲ್ಲಿ ‘ಕೈಗಡ’ ಎಂದು ಬರೆಯಬೇಡಿ, ‘ಮೆಣಸಿನಕಾಯಿ ಬೆಲೆ’ ಎಂದೇ ಬರೆಯಿರಿ.

ಖಾರದಗಿರಣಿ_ಹುಬ್ಬಳ್ಳಿ:
ಭಾಳ ಉಪಕಾರ ಆತ್ರಿ. ರೇಟು 30,000 ಆದಾಗ ರೈತ ಮಾಲು ಬ್ಯಾರೆ ಅಂಗಡಿಗೆ ಹಾಕಿ, ‘ನಿಮ್ಮ ಲಕ್ಷ ತಗೋರಿ’ ಅಂದ್ರ?

ಫಿಕ್ಹ್_ವಿದ್ಯಾರ್ಥಿ:
ಒಪ್ಪಬೇಕಂತಿಲ್ಲ. ಮಾಲು ಪ್ಯಾಟಿಯಲ್ಲಿ ಇರುವಾಗ ಅವರು ಕೊಂಡು ಕೊಡಬೇಕು. ಇಬ್ಬರೂ ಮನಸಾರೆ ಕರಾರು ಮುರಿದರೆ ಅದೇ 1,00,000 ವಾಪಸ್, ಒಂದು ರೂಪಾಯಿ ಹೆಚ್ಚಿಲ್ಲ. ಮಾಲೇ ಸಿಗದ ವರ್ಷ ಬಂದರೆ ಮುಂದಿನ ಸುಗ್ಗಿವರೆಗೆ ಕಾಯೋದೋ, ಮೂಲ ಹಣ ತಗೊಳ್ಳೋದೋ ನಿಮ್ಮಿಷ್ಟ. ತಡವಾದದ್ದಕ್ಕೆ ದಂಡ ಹಾಕುವಂತಿಲ್ಲ, ಜಾಮೀನು ಅಥವಾ ಅಡವು ಕೇಳಬಹುದು. ಆದರೂ ನನಗೆ ಸರಿ ಕಾಣೋದು ಬೇರೆ ದಾರಿ: ಅಂದಾಜು ಇಳುವರಿಯ ಮೂರನೇ ಒಂದು ಪಾಲಿಗಷ್ಟೇ ಕರಾರು ಮಾಡಿ. ರೇಟು ಏರಿದರೆ ಉಳಿದ ಮಾಲಿನಲ್ಲಿ ಅವರಿಗೂ ಲಾಭ ಸಿಗುತ್ತದೆ, ತಪ್ಪಿಸಿಕೊಳ್ಳುವ ಆಸೆ ಹುಟ್ಟಲ್ಲ. ಖುಷಿಯಿಂದ ನೀವು ಮೇಲೊಂದಿಷ್ಟು ಕೊಟ್ಟರೆ ಒಳ್ಳೆಯದೇ, ಮೊದಲೇ ಮಾತು ಕೊಟ್ಟಿರಬಾರದು.

ಬ್ಯಾಡಗಿ_ಮಾಲು:
ಗುಣದ ವಿಚಾರಕ್ಕ ಒಂದು ಮಾತು ಹೇಳ್ತೀನ್ರಿ. ‘ಒಳ್ಳೆ ಕಡ್ಡಿ’ ಅಂತಷ್ಟ ಬರದ್ರ ಜಗಳ ಗ್ಯಾರಂಟಿ. ಗುಂಟೂರು ಜಾತಿ ಬೆರಕಿ ಇಲ್ಲ, ತೊಟ್ಟು ಇರಬೇಕೋ ಬ್ಯಾಡೋ, ತೇವ ಶೇಕಡಾ ಎಷ್ಟರ ಒಳಗ, ಬಣ್ಣಗೆಟ್ಟ ಬಿಳಿ ಕಾಯಿ ಶೇಕಡಾ ಎಷ್ಟರ ತನಕ ನಡೀತೈತಿ, ಎಲ್ಲಾ ಬರೀರಿ. ಕಾಯಿ ಎರಡು-ಮೂರು ಸಲ ಬಿಡಿಸ್ತಾರ, ಮೊದಲನೇ ಬಿಡಿಸಿದ್ದರ ಬಣ್ಣ ಕಡೀದಕ್ಕ ಬರಂಗಿಲ್ಲ. ಅದಕ್ಕ ‘ಸುಗ್ಗಿಗೆ’ ಅನ್ನಬ್ಯಾಡ್ರಿ. ಜನವರಿ 31ಕ್ಕ 3 ಕ್ವಿಂಟಲ್, ಮಾರ್ಚ್ 15ಕ್ಕ 2 ಕ್ವಿಂಟಲ್, ಹಿಂಗ ತಾರೀಖು ಹಾಕ್ರಿ. ತೂಕ ಯಾವ ಕಾಟಾದ ಮ್ಯಾಲೆ, ಖಾಲಿ ಚೀಲದ ತೂಕ ಎಷ್ಟು ಕಳೀಬೇಕು, ಹಮಾಲಿ, ಗಾಡಿ ಬಾಡಗಿ ಯಾರದು, ಅದನ್ನೂ ಅದ ಕಾಗದದಾಗ ಹಾಕ್ರಿ. ಮಾಲು ತೂಗಿ ನಿಮ್ಮ ತಾಬಾಕ್ಕ ಬರೋತನಕ ನೀವು ಅದನ್ನ ಬ್ಯಾರೆಯವರಿಗೆ ಮಾರಂಗಿಲ್ಲ. ಕೋಲ್ಡ್ ಸ್ಟೋರೇಜಿಗೆ ನೆಟ್ಟಗ ಹೋಗೋದಿದ್ರ ನಿಮ್ಮ ಹೆಸರಿಲೆ, ಲಾಟ್ ನಂಬರ್ ಹಾಕಿ ರಸೀದಿ ಮಾಡಸ್ರಿ.