ಅಪ್‌ಡೇಟ್: ಪಲ್ಪಿಂಗ್ ಘಟಕದ ಕೆಲಸ, ಯಾರಿಗೆ ಏನು ಹೇಳಬೇಕು ಅನ್ನೋ ಪ್ರಶ್ನೆ

ಮೂಡಿಗೆರೆ ಹತ್ತಿರ ಬೆಳೆಗಾರರ ಗುಂಪೊಂದು ಕಟ್ಟಿಸುತ್ತಿರುವ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿದು ಬೀಜ ಬೇರ್ಪಡಿಸುವ) ಘಟಕದ ಪ್ರಾಜೆಕ್ಟ್ ಮ್ಯಾನೇಜರ್ ನಾನು. ವಾರವಾರ ಉದ್ದನೆಯ ರಿಪೋರ್ಟ್ ಕಳಿಸಿದರೂ ಯಾರೂ ಓದಲ್ಲ, ಮೀಟಿಂಗಿನಲ್ಲಿ ಮತ್ತೆ ಅದೇ ಪ್ರಶ್ನೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಯಾರಿಗೆ ಏನು ಬೇಕು ಅಂತ ಅವರನ್ನೇ ಕೇಳಿ ಅಂದಿದ್ದಿರಿ. ಕೇಳಿದೆ.

ಬ್ಯಾಂಕಿನವರಿಗೆ ಖರ್ಚಿನ ಲೆಕ್ಕ, ಬಿಲ್ಲು ಸಾಕಂತೆ. ಬೆಳೆಗಾರರದ್ದು ಒಂದೇ ಮಾತು: ನವೆಂಬರಿನಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಗುವಾಗ ಮೆಷಿನ್ ಓಡುತ್ತಾ? ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕು, ಇಟ್ಟರೆ ಹುಳಿ ಹಿಡಿದು ರುಚಿ ಕೆಡುತ್ತದೆ. ಅವರ ಆತಂಕ ಸುಮ್ನೆ ಅಲ್ಲ. ಈಗ ಅವರಿಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ, ಚಿಕ್ಕದೊಂದು ವಾಯ್ಸ್ ಮೆಸೇಜ್, ಅಷ್ಟೇ.

ಜಾಸ್ತಿ ಮಾತು ಬೇಕಾಗಿದ್ದು ಹಳ್ಳದ ಕೆಳಗಿನ ಊರಿನವರ ಜೊತೆ. ಪಲ್ಪಿಂಗ್ ನೀರು ಹಾಗೇ ಹಳ್ಳ ಸೇರಿದರೆ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಅವರಿಗೆ ರಿಪೋರ್ಟ್ ಕೊಟ್ಟು ಏನು ಪ್ರಯೋಜನ, ಅಲ್ವಾ? ಸೈಟಿಗೇ ಕರೆದೆವು. ಸುಣ್ಣ ಹಾಕಿ ಹುಳಿ ಇಳಿಸುವ ತೊಟ್ಟಿ ಎಲ್ಲಿ, ಅಲ್ಲಿಂದ ನೀರು ಎಲ್ಲಿಗೆ ಹೋಗುತ್ತದೆ ಅಂತ ತೋರಿಸಿದೆವು. "ತೊಟ್ಟಿ ತುಂಬಿ ಹರಿದರೆ?" ಅಂತ ಒಬ್ಬರು ಅಜ್ಜಿ ಕೇಳಿದರು. ಎಂಜಿನಿಯರ್ ತಬ್ಬಿಬ್ಬಾದರು! ಈಗ ಪಕ್ಕದಲ್ಲಿ ಇನ್ನೊಂದು ತೊಟ್ಟಿ ಏಳುತ್ತಿದೆ.

ಮಳೆಯಿಂದ ಕಾಂಕ್ರೀಟ್ ತಡವಾದಾಗ ಅದೇ ಸಂಜೆ ಎಲ್ಲರಿಗೂ ಹೇಳಿದೆ, ಜೊತೆಗೆ ಹೊಸ ತಾರೀಖನ್ನೂ. ಗುತ್ತಿಗೆದಾರರಿಗೆ ಮಾತ್ರ ಅದು ಹಿಡಿಸಲಿಲ್ಲ. ಅವರ ಜೊತೆ ಹಗ್ಗಜಗ್ಗಾಟ ಇನ್ನೂ ನಡೆದಿದೆ.