ಅತ್ತೆ ಮಾವನ ಜೊತೆ ಒಂದು ವಾರ ಮೆಡಿಟರೇನಿಯನ್ ಕ್ರೂಸ್: ಯಾವ ಕಂಪನಿ ಹಿಡಿಯೋದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಒಂದು ವಾರ ಮೆಡಿಟರೇನಿಯನ್ ಕ್ರೂಸ್ ಹೋಗಬೇಕು ಅಂತಿದ್ದೇವೆ. ನಾನು, ನನ್ನ ಗಂಡ, 11 ವರ್ಷದ ಮಗಳು, ಜೊತೆಗೆ ಅತ್ತೆ ಮಾವ. ಮಾವ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾಗಿದ್ದವರು. ರೋಮ್, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ಊರು, ಇವುಗಳ ಬಗ್ಗೆ ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದಾರೆ, ಒಮ್ಮೆಯೂ ನೋಡಿಲ್ಲ. ಈಗ ಅವರ ಮಂಡಿ ನೋವು ಜಾಸ್ತಿ ಆಗ್ತಾ ಇದೆ, ಇನ್ನೂ ಮುಂದೂಡಿದರೆ ಆಗುವುದೇ ಇಲ್ಲ ಅನಿಸಿ ಈ ವರ್ಷವೇ ಹೊರಡೋಣ ಅಂದುಕೊಂಡೆವು. ಬಸ್ಸಿನಲ್ಲಿ ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಅಂತ ಓಡಾಡುವ ಟೂರು ಅವರ ಕೈಯಲ್ಲಿ ಆಗೋದಿಲ್ಲ. ಹಡಗಾದರೆ ಒಂದೇ ರೂಮು, ಒಂದೇ ಮಂಚ, ಊರುಗಳೇ ನಮ್ಮ ಹತ್ತಿರ ಬರುತ್ತವೆ.

ಮೂರು ಕಂಪನಿ ನೋಡಿಟ್ಟಿದ್ದೇನೆ. ಜಿನೋವಾದಿಂದ ಎಂಎಸ್‌ಸಿ, ಸವೋನಾದಿಂದ ಕೋಸ್ಟಾ, ಬಾರ್ಸಿಲೋನಾದಿಂದ ರಾಯಲ್ ಕೆರಿಬಿಯನ್. ಮೊದಲ ಎರಡರ ದರ ಕಡಿಮೆ ಕಾಣುತ್ತಿದೆ, ರಾಯಲ್ ಸುಮಾರು ಜಾಸ್ತಿ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ರಾತ್ರಿ ಎಂಟರೊಳಗೆ ಊಟ ಆಗಬೇಕು. ಹೋಗಿ ಬಂದವರು ದಯವಿಟ್ಟು ಹೇಳಿ, ಆ ಜಾಸ್ತಿ ದುಡ್ಡು ಕೊಟ್ಟರೆ ನಿಜವಾಗಿ ಏನು ಸಿಗುತ್ತದೆ?

ಮಿಲಾನೋ ಮಂಡ್ಯ:

ನಾನು ಇಟಲಿಗೆ ಬಂದು ಒಂಬತ್ತು ವರ್ಷ ಆಯ್ತು. ಎಂಎಸ್‌ಸಿಯಲ್ಲಿ ಎರಡು ಸಲ, ರಾಯಲ್‌ನಲ್ಲಿ ಒಂದು ಸಲ ಹೋಗಿದ್ದೇನೆ. ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ, ಯಾಕೆಂದರೆ ವೆಬ್‌ಸೈಟಿನಲ್ಲಿ ಕಾಣುವ ದರ ನೋಡಿ ಲೆಕ್ಕ ಹಾಕಿದರೆ ಆಮೇಲೆ ಸಂಕಟ ಆಗುತ್ತದೆ.

ಟಿಕೆಟ್ ಅಲ್ಲದೆ ಸರ್ವಿಸ್ ಚಾರ್ಜ್ ಅಂತ ತಲೆಗೆ ಇಷ್ಟು ಅಂತ ದಿನವೂ ಸೇರುತ್ತದೆ. ಯುರೋಪಿನ ಯಾನಗಳಲ್ಲಿ ಎಂಎಸ್‌ಸಿ, ಕೋಸ್ಟಾ ಎರಡರಲ್ಲೂ ದೊಡ್ಡವರಿಗೆ ದಿನಕ್ಕೆ ಸುಮಾರು 11–12 ಯೂರೋ, ಮಕ್ಕಳಿಗೆ ಕಡಿಮೆ. ರಾಯಲ್‌ನಲ್ಲಿ ಸುಮಾರು 18 ಡಾಲರ್, ಅದೂ ಮಗುವನ್ನೂ ಸೇರಿಸಿ. ಐದು ಜನ, ಏಳು ರಾತ್ರಿ ಅಂದರೆ ರಾಯಲ್‌ನಲ್ಲಿ ಇದೊಂದೇ 630 ಡಾಲರ್. ಎಂಎಸ್‌ಸಿಯಲ್ಲಿ ಮೂರನೇ ಹಾಸಿಗೆಯಲ್ಲಿ ಮಲಗುವ ಮಗುವಿಗೆ ಎಷ್ಟೋ ಯಾನಗಳಲ್ಲಿ ಬಂದರಿನ ತೆರಿಗೆ ಬಿಟ್ಟರೆ ಟಿಕೆಟ್ ಇಲ್ಲ. ಅದಕ್ಕೇ ನಿಮಗೆ ಅಷ್ಟು ವ್ಯತ್ಯಾಸ ಕಾಣುತ್ತಿರೋದು.

ಇನ್ನು ನೀರು. ಇಟಲಿಯ ಹೋಟೆಲುಗಳಲ್ಲಿ ಊಟದ ಟೇಬಲ್ಲಿಗೆ ಬಾಟಲಿ ನೀರು ಕೊಂಡುಕೊಳ್ಳೋದೇ ರೂಢಿ, ಎಂಎಸ್‌ಸಿ ಕೋಸ್ಟಾ ಎರಡೂ ಅದೇ ಊರಿನ ಅಭ್ಯಾಸದವು. ಬುಫೆಯಲ್ಲಿ ಮೆಷಿನ್ ನೀರು ಸಿಗುತ್ತದೆ, ರಾತ್ರಿ ಊಟಕ್ಕೆ ಕೂತಾಗ ಬಾಟಲಿ ಬಿಲ್ಲಿಗೆ ಸೇರುತ್ತದೆ. ಮೊದಲೇ ನೀರಿನ ಪ್ಯಾಕೇಜ್ ತಗೊಂಡರೆ ತಲೆನೋವಿಲ್ಲ. ರಾಯಲ್‌ನಲ್ಲಿ ಟೇಬಲ್ಲಿಗೆ ತಣ್ಣೀರು ಸುಮ್ನೆ ತಂದಿಡುತ್ತಾರೆ.

ಇನ್ನೊಂದು ದೊಡ್ಡ ವ್ಯತ್ಯಾಸ ಹಡಗು ಹತ್ತುವ ರೀತಿಯದು. ಎಂಎಸ್‌ಸಿ ಮತ್ತು ಕೋಸ್ಟಾಗೆ ಹೆಚ್ಚು ಕಡಿಮೆ ಪ್ರತಿ ಬಂದರಿನಲ್ಲೂ ಜನ ಹತ್ತುತ್ತಾರೆ, ಇಳಿಯುತ್ತಾರೆ. ನೀವು ಜಿನೋವಾದಲ್ಲಿ ಹತ್ತಿದರೆ ಮಾರನೇ ದಿನ ನೇಪಲ್ಸ್‌ನಲ್ಲಿ ಇನ್ನೊಂದಷ್ಟು ಜನ ಪೆಟ್ಟಿಗೆ ಎಳೆದುಕೊಂಡು ಬರುತ್ತಾರೆ. ಮೈಕಿನಲ್ಲಿ ಏನು ಹೇಳಿದರೂ ಇಟಾಲಿಯನ್, ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಅಂತ ಐದು ಸಲ ಹೇಳುತ್ತಾರೆ. ನನಗೆ ಅದು ಇಷ್ಟ, ಸಂತೆ ಇದ್ದ ಹಾಗೆ ಇರುತ್ತದೆ, ಪಕ್ಕದ ಟೇಬಲ್ಲಿನಲ್ಲಿ ನೇಪಲ್ಸ್‌ನ ಅಜ್ಜ ಅಜ್ಜಿ ಮೊಮ್ಮಕ್ಕಳ ಜೊತೆ ಗಲಾಟೆ ಮಾಡಿಕೊಂಡು ಊಟ ಮಾಡುತ್ತಿರುತ್ತಾರೆ. ರಾಯಲ್‌ನಲ್ಲಿ ಎಲ್ಲ ಇಂಗ್ಲಿಷ್, ಎಲ್ಲ ಅಮೆರಿಕದ ರೀತಿ. ಮಗಳಿಗೆ ವಾಟರ್ ಸ್ಲೈಡ್, ಐಸ್ ಸ್ಕೇಟಿಂಗ್ ಆಟ ಇವೆಲ್ಲ ಅಲ್ಲಿ ಚೆನ್ನಾಗಿವೆ, ಅದು ನಿಜ.

ಊಟದ ಹೊತ್ತು: ಎಂಎಸ್‌ಸಿಯಲ್ಲಿ ರಾತ್ರಿ ಊಟ ಎರಡು ಪಾಳಿ. ಬುಕ್ ಮಾಡುವಾಗಲೇ ಮೊದಲ ಪಾಳಿ ಕೇಳಿ ಬರೆಸಿಕೊಳ್ಳಿ. ಕೇಳದೇ ಬಿಟ್ಟು ಎರಡನೇ ಪಾಳಿ ಬಿದ್ದರೆ ನಿಮ್ಮ ಅತ್ತೆಗೆ ಊಟ ಬರುವಷ್ಟರಲ್ಲಿ ನಿದ್ದೆ ಬಂದಿರುತ್ತದೆ.

ಹಾಸನದಜ್ಜಿ:

ತುಂಗಾತೀರ ಅವರೇ, ನನಗೆ 67. ನಾನೂ ನಮ್ಮ ಯಜಮಾನರೂ ಮಗನ ಜೊತೆ ಹೋಗಿ ಬಂದೆವು, ನನಗೂ ಮಂಡಿ ನೋವು, ನಾನೂ ಮೊಟ್ಟೆ ತಿನ್ನುವುದಿಲ್ಲ. ಅದಕ್ಕೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅನ್ನಿಸಿತು.

ಊಟಕ್ಕೆ ರಾಯಲ್ ಸುಲಭ. ಮೊದಲ ರಾತ್ರಿ ಊಟದ ಹಾಲಿನಲ್ಲಿ ಹೆಡ್ ವೇಟರನ್ನು ಕರೆದು ನಾವು ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಬೇಡ ಅಂತ ಹೇಳಿ. ನಮಗೆ ಮಾರನೇ ರಾತ್ರಿಯಿಂದ ಅನ್ನ, ದಾಲ್, ಒಂದು ಪಲ್ಯ ತಪ್ಪದೆ ಬರುತ್ತಿತ್ತು. ಬಡಿಸುತ್ತಿದ್ದ ಹುಡುಗ ಕುಂದಾಪುರದ ಕಡೆಯವನು. ಮೂರನೇ ದಿನ ಕನ್ನಡದಲ್ಲಿ "ಅಮ್ಮ, ಸಾರು ಸ್ವಲ್ಪ ಖಾರ ಮಾಡಿಸಲಾ?" ಅಂತ ಕೇಳಿದ. ಅಷ್ಟು ದೂರದ ಸಮುದ್ರದ ಮೇಲೆ ಆ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಕ್ರೂಸ್ ಹಡಗುಗಳಲ್ಲಿ ಗೋವಾ, ಮುಂಬೈ, ನಮ್ಮ ಕರಾವಳಿ ಕಡೆಯ ಹುಡುಗರು ತುಂಬಾ ಜನ ಕೆಲಸಕ್ಕಿದ್ದಾರೆ. ಯಾವ ಕಂಪನಿಯಾದರೂ ಒಬ್ಬರಾದರೂ ಸಿಗುತ್ತಾರೆ, ಮಾತಾಡಿಸಿ.

ಇಟಲಿಯ ಹಡಗಾದರೆ ವೆಜಿಟೇರಿಯನ್ ಊಟ ಇದ್ದೇ ಇರುತ್ತದೆ, ಆದರೆ ಬಿಡಿಸಿ ಕೇಳಬೇಕು. ಹಸಿ ಪಾಸ್ತಾಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಒಣ ಪಾಸ್ತಾ, ಸ್ಪಾಗೆಟ್ಟಿ ಅಂಥವು ಹೆಚ್ಚಾಗಿ ಬರೀ ಗೋಧಿ ನೀರು. ತರಕಾರಿ ಸೂಪ್ ಅಂದರೂ ಮಾಂಸದ ನೀರಲ್ಲಿ ಕುದಿಸಿರಬಹುದು. ಮತ್ತೆ ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಮ್ಮ ಅತ್ತೆಗೆ ಅದು ಮುಖ್ಯ ಆದರೆ ಮೊದಲೇ ತಿಳಿಸಿ, ತಿಂದ ಮೇಲೆ ಗೊತ್ತಾದರೆ ಪಾಪ ಮನಸ್ಸಿಗೆ ಕಷ್ಟ.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ ಒಯ್ಯಿರಿ. ತುಪ್ಪ, ಹಾಲಿನ ಸಿಹಿ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ಯುರೋಪಿಗೆ ತರುವ ಹಾಗಿಲ್ಲ. ಕೆಟಲ್ ಕೂಡ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಹಡಗಿನವರು ಕೆಟಲ್, ಇಸ್ತ್ರಿ ಪೆಟ್ಟಿಗೆ ಎಲ್ಲ ತೆಗೆದಿಟ್ಟುಕೊಳ್ಳುತ್ತಾರೆ. ನನ್ನದು ಇಳಿಯುವ ದಿನ ವಾಪಸ್ ಕೊಟ್ಟರು, ಆದರೆ ಒಂದು ವಾರ ಬೆಳಗಿನ ಕಾಫಿಗೆ ಬುಫೆ ತನಕ ನಡೆದೆ.

ಈಗ ಮಂಡಿ ವಿಷಯ. ಇದಕ್ಕೆ ಕಂಪನಿಯ ಹೆಸರಿಗಿಂತ ಹಡಗು ಎಲ್ಲಿ ನಿಲ್ಲುತ್ತದೆ ಅನ್ನೋದು ನೋಡಬೇಕು. ಟಿಕೆಟ್‌ನಲ್ಲಿ ರೋಮ್ ಅಂತ ಬರೆದಿರುತ್ತಾರೆ, ಹಡಗು ನಿಲ್ಲೋದು ಚಿವಿತಾವೆಕ್ಕಿಯಾದಲ್ಲಿ, ಅಲ್ಲಿಂದ ರೋಮ್ ಸುಮಾರು 80 ಕಿಲೋಮೀಟರ್. ಫ್ಲಾರೆನ್ಸ್ ಅಂದರೆ ಲಿವೋರ್ನೋ ಅಥವಾ ಲಾ ಸ್ಪೆಜಿಯಾ, ಅಲ್ಲಿಂದಲೂ ಬಸ್ಸಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ನಾವು ರೋಮ್ ದಿನ ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಬರುವಷ್ಟರಲ್ಲಿ ನಾನು ಕಾಲು ಎತ್ತಿಡಲಾರದೆ ಹೋದೆ. ಮಾರನೇ ದಿನ ನೇಪಲ್ಸ್ ಇತ್ತು, ನಾನು ಹಡಗಿನಿಂದ ಇಳಿಯಲೇ ಇಲ್ಲ. ಬಾಲ್ಕನಿಯಲ್ಲಿ ಕೂತು ಜ್ವಾಲಾಮುಖಿ ಬೆಟ್ಟ ವೆಸೂವಿಯಸ್ ನೋಡಿದೆ ಅಷ್ಟೆ. ಇವತ್ತಿಗೂ ಅದೊಂದು ಕೊರಗು.

ಮಿಲಾನೋ ಮಂಡ್ಯ:

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಂಪನಿ ಬಗ್ಗೆನೇ ಬರೆದೆ, ಅಸಲಿ ವಿಷಯ ಅವರು ಹೇಳಿದರು.

ಬಾರ್ಸಿಲೋನಾದಿಂದ ಹೊರಡುವ ರಾಯಲ್‌ನ ಹಳೇ ಮಾರ್ಗ ಪಾಲ್ಮಾ, ಮಾರ್ಸೇ, ಲಾ ಸ್ಪೆಜಿಯಾ, ಚಿವಿತಾವೆಕ್ಕಿಯಾ, ನೇಪಲ್ಸ್, ಆಮೇಲೆ ಒಂದು ದಿನ ಬರೀ ಸಮುದ್ರ. ಇದರಲ್ಲಿ ಲಾ ಸ್ಪೆಜಿಯಾ, ರೋಮ್, ನೇಪಲ್ಸ್ ಮೂರೂ ಒಂದರ ಹಿಂದೆ ಒಂದು ಬರುತ್ತವೆ. ವಯಸ್ಸಾದವರಿಗೆ ಮಧ್ಯೆ ಸುಧಾರಿಸಿಕೊಳ್ಳೋಕೆ ಹೊತ್ತೇ ಸಿಗೋದಿಲ್ಲ. ಎಂಎಸ್‌ಸಿಯ ವರ್ಲ್ಡ್ ಯುರೋಪಾ ಅನ್ನೋ ಹಡಗು 2025ರ ಬೇಸಿಗೆಯಲ್ಲಿ ಜಿನೋವಾ, ನೇಪಲ್ಸ್, ಮೆಸ್ಸಿನಾ, ಮಾಲ್ಟಾದ ವಲೆಟ್ಟಾ, ಬಾರ್ಸಿಲೋನಾ, ಮಾರ್ಸೇ ಹೀಗೆ ಸುತ್ತುತ್ತಿತ್ತು. ನಿಮ್ಮ ದಿನಾಂಕಕ್ಕೆ ಯಾವ ಹಡಗು ಯಾವ ಊರಿಗೆ ಹೋಗುತ್ತದೆ ನೋಡಿ, ಸೀಸನ್ನಿಗೆ ಬದಲಾಗುತ್ತದೆ. ಆದರೆ ಇಂಥ ಮಾರ್ಗ ಸಿಕ್ಕರೆ ಬಿಡಬೇಡಿ. ನೇಪಲ್ಸ್‌ನಲ್ಲಿ ಹಡಗಿನಿಂದ ಇಳಿದರೆ ಎದುರಿಗೇ ಹಳೇ ಕೋಟೆ. ಮೆಸ್ಸಿನಾದಲ್ಲಿ ಹತ್ತು ನಿಮಿಷ ನಡೆದರೆ ಕೆಥೆಡ್ರಲ್, ಅದರ ಗೋಪುರದಲ್ಲಿ 1933ರಲ್ಲಿ ಕೂರಿಸಿದ ದೊಡ್ಡ ಗಡಿಯಾರ ಇದೆ, ಮಧ್ಯಾಹ್ನ ಹನ್ನೆರಡಕ್ಕೆ ಅದರ ಸಿಂಹ ಗರ್ಜಿಸುತ್ತದೆ, ಕೋಳಿ ಕೂಗುತ್ತದೆ. ನಿಮ್ಮ ಮಗಳಿಗೂ ಮಾವನಿಗೂ ಒಂದೇ ಸಲ ಖುಷಿ. ವಲೆಟ್ಟಾದಲ್ಲಂತೂ ಹಡಗು ಕೋಟೆಯ ಬುಡದಲ್ಲೇ ನಿಲ್ಲುತ್ತದೆ, ಅಲ್ಲಿಂದ ಮೇಲಿನ ತೋಟಕ್ಕೆ 58 ಮೀಟರ್ ಎತ್ತರದ ಲಿಫ್ಟ್ ಇದೆ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ.

ನೇಪಲ್ಸ್ ಹತ್ತಿರದ ಪಾಂಪೆಗೆ ಒಂದು ಮಾತು. ಅಲ್ಲಿನ ಬೀದಿಗಳು ಎರಡು ಸಾವಿರ ವರ್ಷದ ಕಲ್ಲು ಹಾಸು, ಎತ್ತರ ತಗ್ಗು. ಆದರೆ ಕಾಲು ಸರಿ ಇಲ್ಲದವರಿಗೆ, ಗಾಲಿಕುರ್ಚಿಯವರಿಗೆ ಅಂತಲೇ 3 ಕಿಲೋಮೀಟರಿಗೂ ಜಾಸ್ತಿ ಉದ್ದದ ಸಮತಟ್ಟು ದಾರಿ ಮಾಡಿದ್ದಾರೆ. ಟ್ಯಾಕ್ಸಿ ಮಾಡಿಕೊಂಡು ಹೋಗಿ, ಆ ದಾರಿಯಲ್ಲಷ್ಟೇ ಓಡಾಡಿ, ಮಾವ ಫೋರಂ, ಅಂದರೆ ಆ ಊರಿನ ಹಳೇ ಚೌಕ, ನೋಡಬಹುದು.

ತುಂಗಾತೀರ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಅಜ್ಜಿ ಬರೆದಿದ್ದನ್ನು ಅತ್ತೆಗೆ ಓದಿ ಹೇಳಿದೆ, ಕುಂದಾಪುರದ ಹುಡುಗನ ವಿಷಯ ಎರಡು ಸಲ ಓದಿಸಿಕೊಂಡರು.

ಇನ್ನೊಂದು ಗೊಂದಲ. ಗಂಡನ ಗೆಳೆಯರೊಬ್ಬರು ಇಟಲಿ ಬಿಡಿ, ಗ್ರೀಸ್ ಕಡೆ ಹೋಗಿ, ಸ್ಯಾಂಟೊರಿನಿ ನೋಡದಿದ್ದರೆ ಏನು ನೋಡಿದ ಹಾಗೆ ಅಂತಿದ್ದಾರೆ. ವೀಸಾ ಬಗ್ಗೆಯೂ ಯಾರಾದರೂ ಹೇಳಿ.

ವೀಸಾಗಿರಿ:

ವೀಸಾ ಚುಟುಕಾಗಿ ಹೇಳುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾ ಬೇಕು, ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45, ಅರ್ಜಿ ತಗೊಳ್ಳುವ ಸೆಂಟರಿನ ಫೀಸು ಬೇರೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ, ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಜಿನೋವಾದಿಂದ ಹತ್ತಿ ಅಲ್ಲಿ ಹಿಂದು ಮುಂದು ಹೋಟೆಲ್ ರಾತ್ರಿ ಇದ್ದರೆ ಇಟಲಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಬೇಗ ಹಾಕಿ.

ಒಂದು ಮುಖ್ಯ ವಿಷಯ. ಹಡಗು ಟರ್ಕಿ, ಟ್ಯುನೀಶಿಯಾ, ಮಾಂಟೆನೆಗ್ರೋ ಅಂಥ ಶೆಂಗೆನ್ ಹೊರಗಿನ ಊರಿಗೆ ಹೋಗಿ ಬರುವುದಾದರೆ ಮಲ್ಟಿಪಲ್ ಎಂಟ್ರಿ ವೀಸಾ, ಅಂದರೆ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬಿಡುವ ವೀಸಾ, ಬೇಕೇ ಬೇಕು. ಮಾಲ್ಟಾ ಶೆಂಗೆನ್ ಒಳಗಿದೆ. ಕ್ರೊಯೇಷಿಯಾ 2023ರ ಜನವರಿಯಿಂದ ಒಳಗಿದೆ. ಆದರೂ ಅರ್ಜಿಯಲ್ಲಿ ಮಲ್ಟಿಪಲ್ ಕೇಳಿಬಿಡಿ.

ಮತ್ತೆ ಹಡಗು ಹೊರಡುವ ದಿನವೇ ವಿಮಾನ ಇಳಿಯುವ ಹಾಗೆ ಟಿಕೆಟ್ ಮಾಡಬೇಡಿ, ಕೈಮುಗಿದು ಹೇಳುತ್ತೇನೆ. ನಾವು ಹಾಗೆ ಮಾಡಿದ್ದೆವು, ಮಧ್ಯದ ವಿಮಾನ ತಡವಾಗಿ ಬಂತು, ಬಂದರಿಗೆ ಹೋಗುವಷ್ಟರಲ್ಲಿ ಹಡಗು ಹೊರಟಿತ್ತು. ರೈಲು ಹಿಡಿದು ಮಾರನೇ ದಿನ ಮುಂದಿನ ಬಂದರಿನಲ್ಲಿ ಹತ್ತಿದೆವು. ಆ ರಾತ್ರಿ ಅಮ್ಮ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಒಂದು ದಿನ ಮೊದಲೇ ಹೋಗಿ ಮಲಗಿ.

ಏಜಿಯನ್ ಅಕ್ಕ:

ಸ್ಯಾಂಟೊರಿನಿ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂಡಿ ನೋವಿನವರನ್ನು ಕ್ರೂಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಬೇಡಿ ಅಂತಲೇ ನಾನು ಹೇಳೋದು. ಅಲ್ಲಿ ಹಡಗು ದಡಕ್ಕೆ ಬರೋದಿಲ್ಲ, ಸಮುದ್ರದ ಮಧ್ಯೆ ನಿಲ್ಲುತ್ತದೆ. ಸಣ್ಣ ದೋಣಿಗೆ ದಾಟಿಕೊಂಡು ಹಳೇ ಬಂದರಿಗೆ ಹೋಗಬೇಕು, ಅಲೆ ಇದ್ದರೆ ಆ ದಾಟುವಾಗಲೇ ವಯಸ್ಸಾದವರಿಗೆ ಭಯ. ಅಲ್ಲಿಂದ ಮೇಲಿನ ಊರು ಫಿರಾಗೆ ಕೇಬಲ್ ಕಾರು, ಇಲ್ಲವೇ ಐನೂರಕ್ಕೂ ಜಾಸ್ತಿ ಮೆಟ್ಟಿಲು. ಒಂದೇ ದಿನ ಮೂರು ನಾಲ್ಕು ಹಡಗು ಬಂದರೆ ಕೇಬಲ್ ಕಾರಿಗೆ ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು. 2025ರ ಜುಲೈನಿಂದ ಸ್ಯಾಂಟೊರಿನಿ, ಮಿಕೊನೊಸ್ ಎರಡರಲ್ಲೂ ಸೀಸನ್ನಿನಲ್ಲಿ ಕ್ರೂಸಿನಿಂದ ಇಳಿಯುವವರಿಗೆ ತಲೆಗೆ 20 ಯೂರೋ ಫೀಸೂ ಇದೆ.

ವೆನಿಸ್ ಅಂತ ಬರೆದಿದ್ದರೂ ಹುಷಾರು. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳನ್ನು ಊರಿನ ಮಧ್ಯದ ಕಾಲುವೆಗೆ ಬಿಡೋದಿಲ್ಲ. ಕೆಲವು ಯಾನ ರವೆನ್ನಾದಿಂದ ಹೊರಡುತ್ತವೆ, ಅಲ್ಲಿಂದ ವೆನಿಸ್‌ಗೆ ರಸ್ತೆಯಲ್ಲಿ ಎರಡು ಗಂಟೆ ಮೇಲೆ.

ಅಕ್ಟೋಬರ್ ಒಳ್ಳೇ ತಿಂಗಳು, ಬಿಸಿಲು ಹದವಾಗಿರುತ್ತದೆ. ಬಾರ್ಸಿಲೋನಾ ಮಾರ್ಸೇ ಮಧ್ಯೆ ಮಾತ್ರ ಮಿಸ್ಟ್ರಾಲ್ ಗಾಳಿ ಬೀಸಿದರೆ ಹಡಗು ಅಲ್ಲಾಡುತ್ತದೆ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರ ತಗೊಳ್ಳಿ. ಈ ಹಡಗುಗಳ ಕಾರಿಡಾರು ನಮ್ಮ ಊರಿನ ಬೀದಿಯಷ್ಟು ಉದ್ದ ಇರುತ್ತವೆ.

ತುಂಗಾತೀರ:

ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಊಟ ಆದಮೇಲೆ ಮನೆಯವರೆಲ್ಲ ಕೂತು ಮ್ಯಾಪ್ ಹರಡಿಕೊಂಡು ಮಾತಾಡಿದೆವು. ರೋಮ್ ತಪ್ಪುತ್ತಲ್ಲ ಅಂತ ನನಗೆ ಸಂಕಟ ಇತ್ತು. ಮಾವನೇ ಬಗೆಹರಿಸಿದರು. ಕ್ರೂಸಿಗೆ ಮೊದಲು ರೋಮ್‌ನಲ್ಲಿ ಮೂರು ರಾತ್ರಿ ಉಳಿಯೋಣ, ನಿಧಾನಕ್ಕೆ ನೋಡೋಣ, ಆಮೇಲೆ ರೈಲಿನಲ್ಲಿ ನೇಪಲ್ಸ್‌ಗೆ ಹೋಗಿ ಅಲ್ಲಿಂದಲೇ ಹಡಗು ಹತ್ತೋಣ ಅಂದರು. ಪ್ರತಿ ಬಂದರಿನಲ್ಲೂ ಜನ ಹತ್ತಬಹುದು ಅಂತ ಮಂಡ್ಯದವರು ಬರೆದಿದ್ದು ಅವರಿಗೆ ತಲೆಯಲ್ಲಿ ಇತ್ತು. ಹಾಗಾದರೆ ಪಾಂಪೆಯನ್ನೂ ಹಡಗು ಹತ್ತುವ ಮೊದಲೇ, ಗಡಿಬಿಡಿ ಇಲ್ಲದೆ ನೋಡಬಹುದು, ಅಲ್ವಾ?

ಎಂಎಸ್‌ಸಿಗೆ ಫೋನ್ ಮಾಡಿ ನೇಪಲ್ಸ್‌ನಿಂದ, ಮೊದಲ ಪಾಳಿ ಊಟ, ನಡುಭಾಗದ ಎರಡು ಕ್ಯಾಬಿನ್ ಅಂತ ಕೇಳಿದ್ದೇನೆ, ನಾಳೆ ದರ ಹೇಳುತ್ತಾರೆ. ಅತ್ತೆ ಆಗಲೇ ಚಟ್ನಿಪುಡಿಗೆ ಕೊಬ್ಬರಿ ತುರಿಯೋಕೆ ಶುರು ಮಾಡಿದ್ದಾರೆ, ಇನ್ನೂ ಐದು ತಿಂಗಳಿದೆ ಅಂದರೂ ಕೇಳುತ್ತಿಲ್ಲ. ಹಾಸನದಜ್ಜಿ, ಬಾಲ್ಕನಿ ರೂಮಿಗೆ ಜಾಸ್ತಿ ದುಡ್ಡು ಕೊಡೋದು ಸರಿನಾ? ಅವರಿಬ್ಬರಿಗೆ ಮಾತ್ರ ಬಾಲ್ಕನಿ ತಗೊಂಡು ನಾವು ಒಳಗಿನ ರೂಮಿನಲ್ಲಿ ಇರೋಣ ಅಂತಿದ್ದೇನೆ.

ಹಾಸನದಜ್ಜಿ:

ತಗೊಳ್ಳಿ. ಬೆಳಿಗ್ಗೆ ಹಡಗು ಬಂದರಿಗೆ ಬರುವಾಗ ಇಬ್ಬರೂ ಶಾಲು ಹೊದ್ದು ಅಲ್ಲೇ ಕೂತಿರಲಿ. ವಲೆಟ್ಟಾ ಬರುವ ದಿನ ಮಾತ್ರ ನೀವೂ ಬೇಗ ಎದ್ದು ಅವರ ರೂಮಿಗೆ ಹೋಗಿ.