ಶಿವರಾತ್ರಿ ಪಾದಯಾತ್ರಿಗಳು: ಪಾನಕಕ್ಕಿಂತ ಮೊದಲು ಶೌಚಾಲಯ

ಶಾಲೆ ಹಿಂದಿನ ಮನೆ: ಎಲ್ಲರಿಗೂ ನಮಸ್ಕಾರ. ಶಿವರಾತ್ರಿ ಹತ್ತಿರ ಬಂತು. ಬೆಂಗಳೂರು, ಹಾಸನದ ಕಡೆಯಿಂದ ಧರ್ಮಸ್ಥಳಕ್ಕೆ ನಡೆದು ಬರುವವರು ನಮ್ಮ ಕೊಟ್ಟಿಗೆಹಾರದಲ್ಲಿ ನಿಲ್ಲಲೇಬೇಕು. ಚಾರ್ಮಾಡಿ ಘಾಟಿ ಶುರುವಾದರೆ ಕೆಳಗಿಳಿಯುವವರೆಗೆ ದೊಡ್ಡ ಊರಿಲ್ಲ. ಹೋದ ವರ್ಷ ಹಿತ್ತಿಲು, ಚರಂಡಿ, ಬೇಲಿ ಏನಾಗಿದ್ದವು ಎಂದು ಎಲ್ಲರೂ ನೋಡಿದ್ದೀರಿ. ಈ ಸಲ ಮೊದಲೇ ಕೂತು ಮಾತನಾಡೋಣ.

ತೋಟದ ರಸ್ತೆ: ಗೇಟಿಗೆ ಬೀಗ ಹಾಕುತ್ತೇನೆ. ಕಾಫಿ ಗಿಡಗಳ ಬುಡವೆಲ್ಲ ಹೊಲಸಾಗಿತ್ತು. ಕೆಲಸದ ಹೆಂಗಸರು ಒಳಗೆ ಕಾಲಿಡಲು ಒಪ್ಪಲಿಲ್ಲ.

ಶಾಲೆ ಹಿಂದಿನ ಮನೆ: ನೀವು ಬೀಗ ಹಾಕಿದರೆ ಪಕ್ಕದ ತೋಟಕ್ಕೆ ಹೋಗುತ್ತಾರೆ, ಅಣ್ಣ. ರಾತ್ರಿಯಿಡೀ ನಡೆದು ಪಾದದಲ್ಲಿ ಬೊಬ್ಬೆ ಎದ್ದ ಹೆಣ್ಣುಮಕ್ಕಳು ಬೆಳಗಾಗುವ ಮುನ್ನ ಎಲ್ಲಿಗೆ ಹೋಗಬೇಕು? ಮಜ್ಜಿಗೆ, ಪಾನಕ ಕೊಡಲು ನಾವೆಲ್ಲ ಪೈಪೋಟಿಗೆ ಬೀಳುತ್ತೇವೆ. ಕುಡಿದವರಿಗೆ ಮುಂದೇನು ಬೇಕಾಗುತ್ತದೆ ಎಂದು ಯೋಚಿಸುವುದಿಲ್ಲ. ಪಾನಕದ ಹಣದಲ್ಲಿ ಅರ್ಧ ತೆಗೆದಿಟ್ಟು ತಾತ್ಕಾಲಿಕ ಶೌಚಾಲಯಗಳನ್ನು ಬಾಡಿಗೆಗೆ ತರಿಸಲೇಬೇಕು. ಹೆಂಗಸರದು ಬೇರೆಯಾಗಿ, ಬೆಳಕಿರುವ ಕಡೆ, ಒಳಗಿನಿಂದ ಚಿಲಕ ಬೀಳುವಂತಿರಲಿ.

ಬಸ್ ನಿಲ್ದಾಣದ ಹೋಟೆಲ್: ಆಗಲಿ ಅಕ್ಕ. ಆದರೆ ಆ ಹೊತ್ತಿಗೆ ಬಾವಿಗಳಲ್ಲಿ ನೀರು ಇಳಿದಿರುತ್ತದೆ. ಟ್ಯಾಂಕರ್ ತರಿಸಿದರೆ ನನ್ನ ಪಾಲು ಕೊಡುತ್ತೇನೆ.

ನಿವೃತ್ತ ಮೇಷ್ಟರು: ಲೋಟದ ವಿಷಯವನ್ನೂ ಸೇರಿಸಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ. ಕಾಗದದ ಲೋಟವೂ ಬೇಡ, ಅದರ ಒಳಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರವೇ ಇರುತ್ತದೆ. ಘಾಟಿಯ ತೊರೆಗಳ ನೀರು ಮೃತ್ಯುಂಜಯ ಹೊಳೆ ಸೇರಿ ನೇತ್ರಾವತಿಗೆ ಹೋಗುತ್ತದೆ. ಭಕ್ತರು ಮಿಂದು ಮಂಜುನಾಥನ ದರ್ಶನಕ್ಕೆ ಹೋಗುವುದು ಅದೇ ನೇತ್ರಾವತಿಯಲ್ಲಿ! ಇದನ್ನು ದೊಡ್ಡ ಅಕ್ಷರದಲ್ಲಿ ಬಟ್ಟೆಯ ಮೇಲೆ ಬರೆಸಿ ಘಾಟಿಯ ಬಾಯಲ್ಲಿ ಕಟ್ಟೋಣ. ಬೈದು ಬರೆಯುವುದು ಬೇಡ. ನಡೆದು ದಣಿದವರು ಪ್ರೀತಿಯಿಂದ ಹೇಳಿದರೆ ಕೇಳುತ್ತಾರೆ.

ಬಸ್ ನಿಲ್ದಾಣದ ಹೋಟೆಲ್: ಸ್ಟೀಲ್ ಲೋಟ ನಮ್ಮಲ್ಲಿವೆ. ತೊಳೆಯಲು ಹುಡುಗರು ಬೇಕು.

ಮಸೀದಿ ಪಕ್ಕದ ಓಣಿ: ನಾವು ಬರುತ್ತೇವೆ. ಕತ್ತಲಲ್ಲಿ ಹೆದ್ದಾರಿ ಅಂಚಿನಲ್ಲಿ ನಡೆಯುವವರ ಚೀಲಕ್ಕೆ ಹೊಳೆಯುವ ಪಟ್ಟಿ ಅಂಟಿಸುವ ಕೆಲಸವೂ ನಮಗಿರಲಿ. ತಿರುವಿನಲ್ಲಿ ಲಾರಿಯವರಿಗೆ ಜನ ಕಾಣುವುದೇ ಇಲ್ಲ.

ತೋಟದ ರಸ್ತೆ: ಸರಿ, ರಸ್ತೆ ಪಕ್ಕದ ನನ್ನ ಖಾಲಿ ಜಾಗದಲ್ಲಿ ಶೌಚಾಲಯ ನಿಲ್ಲಿಸಿ. ಬಾವಿಯಿಂದ ದೂರವಿದೆ. ಆದರೆ ದಿನವೂ ಸ್ವಚ್ಛ ಮಾಡುವವರು ಯಾರು, ಅವರಿಗೆ ಕೂಲಿ ಎಷ್ಟು ಎಂದು ಮೊದಲೇ ತೀರ್ಮಾನವಾಗಬೇಕು.

ಶಾಲೆ ಹಿಂದಿನ ಮನೆ: ನ್ಯಾಯವಾದ ಮಾತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಲೆ ಜಗಲಿಗೆ ಬನ್ನಿ. ಕೂಲಿಯ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳೋಣ.